ಹಲಗೆ ದಾರಿ

ಮೊದಲೇ ಹೇಳಿಬಿಡುತ್ತೇನೆ. ಹವಳ ಬದುಕಬೇಕು ಎಂದು ಕೈ ಎತ್ತಿದವರಲ್ಲಿ ನಾನೂ ಒಬ್ಬ. ಯಾರೂ ನನ್ನ ಕೈ ಹಿಡಿದು ಎತ್ತಿಸಲಿಲ್ಲ. ನಾನೇ ಎತ್ತಿದೆ. ಉಳಿದವರಿಗಿಂತ ಒಂದು ಗೇಣು ಮೇಲಕ್ಕೇ ಎತ್ತಿದೆ.

ಶಾಲೆಯ ಕೋಣೆಯಲ್ಲಿ ಸಭೆ. ದ್ವೀಪದಲ್ಲಿ ಇರುವುದೇ ನೂರಾ ಹತ್ತು ಮನೆ. ಮನೆಗೊಬ್ಬರಂತೆ ಬಂದು, ಮಕ್ಕಳು ಕೂರುವ ಗಿಡ್ಡ ಬೆಂಚುಗಳ ಮೇಲೆ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದೆವು. ರೆಸಾರ್ಟಿನ ಮ್ಯಾನೇಜರು ಗೋಡೆಯ ಮೇಲೆ ಬಣ್ಣದ ಚಿತ್ರ ಬಿಟ್ಟ. ನೀರಿನಡಿಯ ಹವಳ, ಅದರ ಸಂದಿಯಲ್ಲಿ ಮೀನಿನ ಮರಿ. ನಾವು ದಿನಾ ನೋಡುವುದೇ. ಆದರೂ ಗೋಡೆಯ ಮೇಲೆ ಕಂಡಾಗ, ನಮ್ಮನೆಯ ಹುಡುಗಿಯೇ ಮದುವೆಯ ದಿನ ಸಿಂಗಾರವಾಗಿ ಎದುರು ನಿಂತ ಹಾಗೆ ಇತ್ತು. ಈ ಹವಳ ಬದುಕಬೇಕಾ ಬೇಡವಾ ಎಂದು ಕೇಳಿದ. ಬೇಕು ಎಂದೆವು. ಹಾಗಾದರೆ ಕೈ ಎತ್ತಿ ಎಂದ. ಎತ್ತಿದೆವು. ಹವಳ ಸತ್ತರೆ ಮೀನಿಲ್ಲ, ಮೀನಿಲ್ಲದಿದ್ದರೆ ನಾವಿಲ್ಲ. ಇದಕ್ಕೆ ಕೈ ಎತ್ತದವನು ಯಾವ ಸೀಮೆಯ ಮನುಷ್ಯ? ಒಬ್ಬ ಬಂದು ಫೋಟೊ ತೆಗೆದ. ಎಲ್ಲರಿಗೂ ಬಿಸ್ಕತ್ತು ಕೊಟ್ಟರು.

ಆ ಫೋಟೊ ಒಂದು ಕಾಗದಕ್ಕೆ ಅಂಟಿಕೊಂಡು ಸರ್ಕಾರದ ಕಚೇರಿಗೆ ಹೋಯಿತು. ಕಾಗದದಲ್ಲಿ ಏನಿತ್ತೆಂದು ನಮಗೆ ತಿಳಿದದ್ದು ನಾಲ್ಕು ತಿಂಗಳ ಮೇಲೆ, ಹಲಗೆ ದಾರಿಯನ್ನು ಕೀಳಲು ಜನ ಬಂದಾಗ. ಹವಳಕ್ಕೆ ಹಾನಿ ಮಾಡುತ್ತಿರುವ ಜೆಟ್ಟಿಯನ್ನು ತೆಗೆದುಹಾಕಲು ದ್ವೀಪದ ಜನ ಒಮ್ಮತದಿಂದ ಕೈ ಎತ್ತಿದ್ದಾರಂತೆ. ಫೋಟೊದಲ್ಲಿ ಎಲ್ಲರಿಗಿಂತ ಮೇಲೆ ಇದ್ದದ್ದು ನನ್ನ ಕೈ.

ಹಲಗೆ ದಾರಿ ಎಂದರೆ ದಡದಿಂದ ದೋಣಿ ನಿಲ್ಲುವ ಜಾಗದವರೆಗೆ ಅರವತ್ತು ಹೆಜ್ಜೆ ಉದ್ದದ ಮರದ ಸೇತುವೆ. ನಮ್ಮ ಬಡಗಿಯ ಅಪ್ಪ ಕಟ್ಟಿದ್ದು, ಬಡಗಿ ರಿಪೇರಿ ಮಾಡಿಕೊಂಡು ಬಂದಿದ್ದು. ಅದರ ಕಂಬಗಳಿಗೇ ಹವಳ ಹತ್ತಿ ಬೆಳೆದಿತ್ತು. ಕಂಬದ ನೆರಳಲ್ಲಿ ಮೀನು ಮೊಟ್ಟೆ ಇಡುತ್ತಿತ್ತು. ಇದನ್ನು ಬಡಗಿ ಮ್ಯಾನೇಜರಿಗೆ ಹೇಳಿ ನೋಡಿದ. ವಿಜ್ಞಾನಿಗಳು ವರದಿ ಕೊಟ್ಟಿದ್ದಾರೆ, ನೀವು ಯಾವ ಕಾಲೇಜು ಎಂದು ಕೇಳಿದನಂತೆ. ಕಂಬದ ಜೊತೆ ಅದಕ್ಕೆ ಹತ್ತಿದ ಹವಳವೂ ಬಂತು. ಮೂರು ದಿನ ದಡದಲ್ಲಿ ಬಿದ್ದು ನಾರಿತು.

ಜೆಟ್ಟಿ ಇಲ್ಲ, ಸಿಮೆಂಟು ಇಲ್ಲ, ದಡದ ಹತ್ತಿರ ಮೋಟಾರು ಇಲ್ಲ. ಅದಕ್ಕೆ, ಹೋಟೆಲಿಗೆ ನಕ್ಷತ್ರ ಕೊಡುವ ಹಾಗೆ, ರೆಸಾರ್ಟಿಗೆ ಬೋರ್ಡಿನ ಮೇಲೆ ಹಸಿರು ಎಲೆ ಕೊಡುತ್ತಾರೆ. ನಾಲ್ಕು ಎಲೆ ಬಂದಿತ್ತು. ಐದನೆಯದು ಬಂದರೆ ಬರುವ ಗಿರಾಕಿಯೇ ಬೇರೆಯಂತೆ.

ಸರಿ, ಜೆಟ್ಟಿ ಇಲ್ಲದೆ ಅತಿಥಿಗಳು ದಡಕ್ಕೆ ಬರುವುದು ಹೇಗೆ? ಅವರ ಕಾಲು ನೆನೆಯಬಾರದಲ್ಲ. ಅದಕ್ಕೆ ನಾವು.

ಬೆತ್ತದ ಕುರ್ಚಿ, ಅದರ ಎರಡು ಪಕ್ಕಕ್ಕೆ ಉದ್ದನೆಯ ಬಿದಿರಿನ ಗಳು, ಗಳುವಿಗೆ ನಾಲ್ಕು ಹೆಗಲು. ಮುಂದೆ ಎಡಕ್ಕೆ ನನ್ನ ದೊಡ್ಡಪ್ಪ, ಬಲಕ್ಕೆ ನಾನು. ಹಿಂದೆ ಬಡಗಿ ಮತ್ತು ನನ್ನ ಭಾಮೈದ. ದಿನಕ್ಕೆ ಮೂವತ್ತು ಸಲ ಹೋಗಿ ಮೂವತ್ತು ಸಲ ಬರುವುದು. ಉಪ್ಪುನೀರಲ್ಲಿ ಹೆಗಲು ಉಜ್ಜಿ ಉಜ್ಜಿ ಮೊದಲು ಸುಲಿಯಿತು, ಆಮೇಲೆ ಕೀವಾಯಿತು, ಆಮೇಲೆ ಜಡ್ಡುಗಟ್ಟಿತು. ದೊಡ್ಡಪ್ಪನ ಹೆಗಲ ಮೇಲೆ ನಿಂಬೆಹಣ್ಣಿನಷ್ಟು ಗಂಟು. ಅದನ್ನು ಅವನು ತನ್ನ ಎರಡನೇ ತಲೆ ಅನ್ನುತ್ತಿದ್ದ. ಮೊದಲನೇ ತಲೆಗೆ ಬುದ್ಧಿ ಇದ್ದಿದ್ದರೆ ಎರಡನೆಯದು ಹುಟ್ಟುತ್ತಿರಲಿಲ್ಲ ಎಂದು ತಾನೇ ನಗುತ್ತಿದ್ದ.

ನೀರಲ್ಲಿ ತೂಕ ಹೊರುವುದಕ್ಕೂ ಒಂದು ರೀತಿ ಇದೆ. ಮುಂದಿನವನು ಕಾಲಿನಿಂದ ನೆಲ ಹುಡುಕುತ್ತಾ, ನೀರು ಎಲ್ಲಿಗೆ ಬಂತೆಂದು ಕೂಗಬೇಕು. ಹಿಂದಿನವರಿಗೆ ನೆಲ ಕಾಣುವುದಿಲ್ಲ. ದೊಡ್ಡಪ್ಪ ಕೂಗುತ್ತಿದ್ದ. ಪಾದ. ಮೊಣಕಾಲು. ತೊಡೆ. ಸೊಂಟ. ಹಿಂದಿನವರು ಅದನ್ನೇ ತಿರುಗಿ ಹೇಳುವುದು. ಹಾಗೆ ಹೇಳದಿದ್ದರೆ ಕೇಳಿಸಿಲ್ಲ ಎಂದು ಅರ್ಥ. ಇದು ರೆಸಾರ್ಟಿನ ಪುಸ್ತಕದಲ್ಲಿ ದ್ವೀಪವಾಸಿಗಳ ಪ್ರಾಚೀನ ಸ್ವಾಗತ ಗೀತೆ ಎಂದು ಅಚ್ಚಾಯಿತು. ಅತಿಥಿಗಳು ಮೇಲೆ ಕೂತು ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಇನ್ನೂ ಸ್ವಲ್ಪ ರಾಗವಾಗಿ ಹೇಳಲು ಆಗುತ್ತಾ ಎಂದು ಒಬ್ಬರು ಕೇಳಿದರು. ಸೊಂಟಕ್ಕೆ ಯಾವ ರಾಗ ಹಾಕೋದು ಎಂದು ಭಾಮೈದ ಹಿಂದಿನಿಂದ ಗೊಣಗಿದ.

ಇನ್ನೊಂದು ನಿಯಮ ಇತ್ತು, ಅದು ರೆಸಾರ್ಟಿನದಲ್ಲ, ನಮ್ಮದು. ಒಮ್ಮೆ ಹೊತ್ತವರನ್ನು ನೀರಲ್ಲಿ ಇಳಿಸುವಂತಿಲ್ಲ. ಕಾಲಿಗೆ ಮುಳ್ಳು ಹೊಕ್ಕರೂ, ಮೇಲಿದ್ದವರು ತಲೆಯ ಮೇಲೆ ವಾಂತಿ ಮಾಡಿದರೂ, ಒಣ ಜಾಗ ಸಿಗುವ ತನಕ ಇಳಿಸುವಂತಿಲ್ಲ. ಹಲಗೆ ದಾರಿ ಆಗುವ ಮುಂಚೆ ನಮ್ಮ ಹಿರಿಯರು ಹೊರುತ್ತಿದ್ದದ್ದು ಅಕ್ಕಿ ಮೂಟೆ, ರೋಗಿ, ಹೆಣ. ಮೂರನ್ನೂ ನೀರಿಗೆ ಬಿಡುವಂತಿರಲಿಲ್ಲ. ಹೆಗಲ ಮೇಲೆ ಇರೋ ತನಕ ಅದು ನಮ್ಮ ಜೀವ ಎಂದು ದೊಡ್ಡಪ್ಪ ಹೇಳುತ್ತಿದ್ದ. ಒಬ್ಬ ಅತಿಥಿ ಕಾಲು ಆಡಿಸುತ್ತಾ ಆಡಿಸುತ್ತಾ ನನ್ನ ಕಿವಿಗೆ ಒದ್ದ. ಒಂದಲ್ಲ, ನಾಲ್ಕು ಸಲ. ಗಮನವಿರಲಿಲ್ಲ ಅವನಿಗೆ. ನನಗಿತ್ತು. ಆದರೂ ಇಳಿಸಲಿಲ್ಲ.

ದಡದಲ್ಲಿ ಇಳಿಸಿದ ಮೇಲೆ ಅತಿಥಿಗಳ ಕಾಲು ತೊಳೆಯುತ್ತಾರೆ. ತಾಮ್ರದ ಬೋಗುಣಿಯಲ್ಲಿ ಸಿಹಿನೀರು, ಅದರಲ್ಲಿ ಹೂವಿನ ಎಸಳು. ಅವರ ಕಾಲು ಒಣಗಿಯೇ ಇರುತ್ತದೆ, ನಾವು ಹೊತ್ತು ತಂದದ್ದೇ ಅದಕ್ಕಲ್ಲವೇ. ನಮ್ಮ ಕಾಲು ಹವಳ ಕೊಯ್ದು ಹರಿದಿರುತ್ತದೆ. ನಮಗೆ ಆ ನೀರು ಇಲ್ಲ. ನೀರು ಉಳಿಸಬೇಕು ಎಂದು ಬೋರ್ಡು ಇದೆ. ಬೋಗುಣಿಯ ನೀರನ್ನು ನಮ್ಮ ಕಣ್ಣೆದುರೇ ಹೂವಿನ ಗಿಡಕ್ಕೆ ಚೆಲ್ಲುತ್ತಾರೆ.

ಇಷ್ಟೂ ತಡೆದುಕೊಂಡಿದ್ದೆವು. ಸುಳ್ಳು ಯಾಕೆ, ತಡೆದುಕೊಂಡೇ ಇರುತ್ತಿದ್ದೆವೋ ಏನೋ.

ನನ್ನ ಹೆಂಡತಿಯ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ವಾರಕ್ಕೆ ಎರಡು ಸಲ ಆಚೆ ದಡದ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಕುತ್ತಿಗೆಯ ಬುಡದಲ್ಲಿ ಪೈಪು ಹಾಕಿದ್ದಾರೆ. ಆ ಜಾಗಕ್ಕೆ ನೀರು ತಾಗಬಾರದು. ಹಲಗೆ ದಾರಿ ಇದ್ದಾಗ ಅವಳು ಚಪ್ಪಲಿ ಹಾಕಿಕೊಂಡು, ಕೈಚೀಲ ಬೀಸಿಕೊಂಡು, ದಾರಿಯಲ್ಲಿ ಸಿಕ್ಕವರನ್ನೆಲ್ಲಾ ಮಾತಾಡಿಸಿಕೊಂಡು ಹೋಗಿ ದೋಣಿ ಹತ್ತುತ್ತಿದ್ದಳು. ದಾರಿ ಹೋದ ಮೇಲೆ ನನ್ನ ಬೆನ್ನೇ ದಾರಿ. ನನಗೆ ಬಿಡುವು ಸಿಗದಿದ್ದರೆ ಅವಳ ತಮ್ಮನ ಬೆನ್ನು.

ಒಂದು ಸಲ ಭಾಮೈದ ಹೊತ್ತೊಯ್ಯುವಾಗ ಪಕ್ಕದಿಂದ ಅಲೆ ಬಂತು. ಅವನು ಬೀಳಲಿಲ್ಲ, ಆದರೆ ಅವಳು ಕತ್ತಿನವರೆಗೆ ನೆನೆದಳು. ಮಾರನೇ ದಿನ ನಡುಕ, ಜ್ವರ. ರಕ್ತಕ್ಕೇ ವಿಷ ಏರಿತ್ತು. ಹನ್ನೊಂದು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, ಇನ್ನೊಂದು ಸಲ ಹೀಗಾದರೆ ಬದುಕಿಸುತ್ತೇನೆಂದು ನಾನು ಮಾತು ಕೊಡುವುದಿಲ್ಲ ಎಂದರು. ಅಂದಿನಿಂದ ಭಾಮೈದ ಅಕ್ಕನ ಮುಖ ನೋಡಿ ಮಾತಾಡುವುದು ಬಿಟ್ಟ. ಅವಳೇ ಅವನ ಕಿವಿ ಹಿಂಡಿ, ಸತ್ತಿಲ್ಲ ಕಣೋ, ನೋಡು ಈ ಕಡೆ ಎಂದಳು.

ವಾರಕ್ಕೆ ಎರಡು ಸಲ ಆ ಕುರ್ಚಿ ಕೊಡಿ ಎಂದು ನಾನು ಮ್ಯಾನೇಜರನ್ನು ಕೇಳಿದೆ. ಹೊರುವವರು ನಾವೇ, ನಿಮಗೆ ಏನೂ ಖರ್ಚಿಲ್ಲ ಎಂದೆ. ಅವನು ಕೆಟ್ಟ ಮಾತಾಡುವವನಲ್ಲ, ಮೆತ್ತಗೆ ಮಾತಾಡುವವನು. ಅದು ಅತಿಥಿಗಳ ಕುರ್ಚಿ, ರೋಗಿ ಕೂತರೆ ಅತಿಥಿಗಳಿಗೆ ಹೇಗನ್ನಿಸುತ್ತೆ, ನೀವೇ ಯೋಚನೆ ಮಾಡಿ ಎಂದ. ಯೋಚನೆಯನ್ನೂ ನಮ್ಮ ಹೆಗಲಿಗೇ ಹೊರಿಸಿದ. ಅವನಿಗೆ ನಾವು ಇಟ್ಟ ಹೆಸರು ಒಣಬೂಟು. ದ್ವೀಪಕ್ಕೆ ಬಂದು ಎರಡು ವರ್ಷವಾದರೂ ಅವನ ಬೂಟು ಒಂದು ದಿನ ನೆನೆದದ್ದಿಲ್ಲ.

ಇನ್ನು ಹಲಗೆಗಳ ಕತೆ. ಕಿತ್ತ ಹಲಗೆ ಏನಾಯಿತೆಂದರೆ, ರೆಸಾರ್ಟಿನ ಊಟದ ಮನೆಗೆ ಮೇಜುಗಳಾದವು. ಇಪ್ಪತ್ತೆರಡು ಮೇಜು. ಹಳೆಯ ಮರ ಎಸೆಯದೆ ಮರುಬಳಕೆ ಮಾಡಿದ್ದಕ್ಕೆ ನಾಲ್ಕನೇ ಎಲೆ ಬಂದದ್ದು. ಮೇಜುಗಳನ್ನು ಜೋಡಿಸಿಕೊಟ್ಟವನು ಬಡಗಿಯೇ. ಕೂಲಿ ಬೇಕಿತ್ತು, ಮಾಡಿದ. ಮಾಡಿ ಬಂದ ದಿನ ಎರಡು ಕೈಗಳನ್ನೂ ನೋಡಿಕೊಂಡು ಬಹಳ ಹೊತ್ತು ಕೂತಿದ್ದ. ಬಾಗಿಲ ಪಕ್ಕದ ಮೇಜಿನ ಮೇಲೆ ಅಡ್ಡಡ್ಡ ಕಚ್ಚುಗಳಿವೆ. ನನ್ನ ಹೆಂಡತಿ ಹುಡುಗಿಯಾಗಿದ್ದಾಗ ಹಲಗೆ ದಾರಿಯ ಮೇಲೆ ಕೂತು ಮೀನು ಕೊಯ್ಯುತ್ತಿದ್ದ ಗುರುತು. ನಾನು ಅವಳನ್ನು ಮೊದಲು ನೋಡಿದ್ದು ಅಲ್ಲೇ. ಮೀನು ಕೇಳಿದರೆ ಬಾಲ ಕೊಟ್ಟಿದ್ದಳು. ಈಗ ಆ ಕಚ್ಚುಗಳ ಮೇಲೆ ಅತಿಥಿಗಳು ಬೆರಳಾಡಿಸಿ, ಎಷ್ಟು ನೈಜ ಅನ್ನುತ್ತಾರೆ.

ಐದನೇ ಎಲೆಯ ತಪಾಸಣೆಗೆ ಆಚೆ ದಡದಿಂದ ಒಬ್ಬ ಹೆಂಗಸು ಬರುವ ದಿನ ಗೊತ್ತಾಯಿತು. ಅದು ನನ್ನ ಹೆಂಡತಿಯ ಆಸ್ಪತ್ರೆಯ ದಿನ. ದೋಣಿ ಅದೇ. ಅವರನ್ನು ಇಳಿಸಿ, ಅರ್ಧ ಗಂಟೆ ನಿಂತು ವಾಪಸು ಹೋಗುವುದೂ ಅದೇ. ಮೊದಲು ಅವಳನ್ನು ದೋಣಿಗೆ ಮುಟ್ಟಿಸಿ, ಬರುವಾಗ ಆ ಹೆಂಗಸನ್ನು ಹೊತ್ತು ತರುತ್ತೇವೆ ಎಂದೆ. ಒಣಬೂಟು ಒಪ್ಪಲಿಲ್ಲ. ಕುರ್ಚಿಗೆ ಆಗಲೇ ಹಸಿರು ಎಲೆಗಳ ಹಾರ ಸುತ್ತಿ ಆಗಿತ್ತು. ಮೇಲಾಗಿ, ತಪಾಸಣೆಯ ಅಧಿಕಾರಿ ಒಳಗೆ ಹೋಗುವ ತನಕ ನಿಮ್ಮವರು ತೆಂಗಿನ ಮರಗಳ ಆಚೆ ಇರಲಿ, ಕಣ್ಣಿಗೆ ಬೀಳುವುದು ಬೇಡ ಎಂದ.

ಬೆಳಗ್ಗೆ ಒಂಬತ್ತು ಗಂಟೆ. ಉಬ್ಬರ ಶುರುವಾಗಿತ್ತು. ನೀರು ಗಳಿಗೆಗೊಂದು ಬೆರಳು ಏರುತ್ತಿತ್ತು. ನಾವು ದೋಣಿಯ ಬಳಿ ಹೋಗಿ ಆ ಹೆಂಗಸನ್ನು ಕುರ್ಚಿಗೆ ಹತ್ತಿಸಿಕೊಂಡೆವು. ಐವತ್ತು ದಾಟಿದವರು, ಕನ್ನಡಕ, ತೊಡೆಯ ಮೇಲೆ ಕಾಗದ ಸಿಕ್ಕಿಸಿದ ರಟ್ಟು. ನಮಸ್ಕಾರ ಎಂದರು. ಭಾರವೇ ಎಂದು ಕೇಳಿದರು. ಇಲ್ಲಮ್ಮ ಎಂದೆವು. ಹಾಗೆ ಹೇಳಬೇಕೆಂದು ನಿಯಮ.

ಸೊಂಟ ಎಂದು ದೊಡ್ಡಪ್ಪ ಕೂಗಿದ. ಸೊಂಟ ಎಂದು ಹಿಂದಿನವರು ಹೇಳಿದರು. ನಾಲ್ಕು ಹೆಜ್ಜೆ ಬಂದಿರಬಹುದು. ದಡದಲ್ಲಿ ಮರಗಳ ಹಿಂದೆ ಅವಳು ಕಂಡಳು. ಕುತ್ತಿಗೆಗೆ ಪ್ಲಾಸ್ಟಿಕ್ ಚೀಲ ಸುತ್ತಿ ಕಟ್ಟಿಕೊಂಡಿದ್ದಳು. ಕೈಯಲ್ಲಿ ಚಪ್ಪಲಿ. ಚಪ್ಪಲಿ ಹಿಡಿದು ನಿಂತಿದ್ದಳೆಂದರೆ, ಯಾರೂ ಬರದಿದ್ದರೆ ತಾನೇ ನೀರಿಗಿಳಿಯುವ ಲೆಕ್ಕ ಹಾಕಿದ್ದಳು. ಅವಳು ನನ್ನ ಎದೆಯೆತ್ತರ. ಇವರನ್ನು ದಡಕ್ಕೆ ಮುಟ್ಟಿಸಿ, ಕಾಲು ತೊಳೆದು, ನಮ್ಮನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು ಬಿಡುವಷ್ಟರಲ್ಲಿ ನನ್ನ ಎದೆಗೆ ಬಂದ ನೀರು ಅವಳಿಗೆ ಎಲ್ಲಿಗೆ ಬರುತ್ತದೆ?

ನನ್ನ ಕಾಲು ನಿಂತಿತು.

ಗಳು ಹೊತ್ತ ನಾಲ್ವರಲ್ಲಿ ಒಬ್ಬ ನಿಂತರೆ ನಾಲ್ವರೂ ನಿಲ್ಲಬೇಕು. ದೊಡ್ಡಪ್ಪ ತಿರುಗಿ ನೋಡಲಿಲ್ಲ. ಸೊಂಟ ಎಂದ. ಹಿಂದಿನವರು ಸೊಂಟ ಎಂದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, ಹೊಕ್ಕುಳ ಎಂದ. ನಾವು ಮುಂದೆ ಹೋಗಿರಲಿಲ್ಲ. ನೀರೇ ನಮ್ಮ ಹತ್ತಿರ ಬಂದಿತ್ತು.

"ಯಾಕೋ?" ಎಂದು ದೊಡ್ಡಪ್ಪ ಮೆಲ್ಲಗೆ ಕೇಳಿದ.

"ಅವಳು ಮರದ ಹಿಂದೆ ನಿಂತಿದಾಳೆ ದೊಡ್ಡಪ್ಪ."

ಅವನು ನೋಡಿದ. ಬಡಗಿ ನೋಡಿದ. ಭಾಮೈದ ನೋಡಲಿಲ್ಲ, ಅವನು ಆಗಲೇ ನೋಡಿಯಾಗಿತ್ತು ಎಂದು ಕಾಣುತ್ತದೆ. ಅವನ ಉಸಿರು ನನಗೆ ಕೇಳಿಸುತ್ತಿತ್ತು.

ದಡದಿಂದ ಒಣಬೂಟು ಕೈಬೀಸಿ ಕರೆದ. ನಾವು ಕದಲಲಿಲ್ಲ. ಏನಾಯಿತು, ಮುಳ್ಳು ಚುಚ್ಚಿತಾ ಎಂದು ಮೇಲಿದ್ದ ಹೆಂಗಸು ಕೇಳಿದರು. ಇಲ್ಲ ಎಂದೆ. ದಣಿವಾಗಿದ್ದರೆ ಇಳಿಸಿಬಿಡಿ, ಇಷ್ಟು ದೂರ ನಾನೇ ನಡೆಯುತ್ತೇನೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದಕ್ಕೆ ದೊಡ್ಡಪ್ಪ ಹೇಳಿದ:

"ಹೊತ್ತವರನ್ನ ನೀರಲ್ಲಿ ಇಳಿಸೋದು ನಮ್ಮಲ್ಲಿಲ್ಲ ತಾಯಿ. ನೀವು ಗಟ್ಟಿಯಾಗಿ ಕೂತ್ಕೊಳಿ. ನಿಮಗೆ ಏನೂ ಆಗಲ್ಲ."

ಒಣಬೂಟು ನೀರಿನ ಅಂಚಿಗೆ ಬಂದ. ಮೆತ್ತಗಿನ ಮಾತು ಅಂದು ಕೆಲಸಕ್ಕೆ ಬರಲಿಲ್ಲ, ಕಿರುಚಬೇಕಾಯಿತು. ಏನು ತಮಾಷೆ ಇದು, ಬನ್ನಿ ಮುಂದೆ, ಇಲ್ಲದಿದ್ದರೆ ನಾಳೆಯಿಂದ ನಾಲ್ವರೂ ಬರುವುದು ಬೇಡ ಎಂದ. ನಾನು ಬಾಯಿ ತೆರೆಯುವ ಮೊದಲೇ ಭಾಮೈದ ಕೂಗಿದ. ಆ ಅಲೆಯ ದಿನದಿಂದ ನುಂಗಿಟ್ಟುಕೊಂಡಿದ್ದ ದನಿ ಅದು.

"ಒಂದು ಹೆಗಲು ಖಾಲಿ ಮಾಡಿಕೊಡ್ತೀನಿ ಸರ್, ಬನ್ನಿ. ನೀವು ಹೊರಿ ಇವರನ್ನ. ನಾನು ಹೋಗಿ ನಮ್ಮಕ್ಕನ್ನ ಹೊರ್ತೀನಿ."

ಒಣಬೂಟು ಒಂದು ಹೆಜ್ಜೆ ಮುಂದಿಟ್ಟ. ಅಲೆಯೊಂದು ಬಂತು. ಹಿಂದಕ್ಕೆ ಹಾರಿದ. ದಡದಲ್ಲಿ ಗುಡಿಸುತ್ತಿದ್ದ ಹೆಂಗಸರು ನಕ್ಕರು. ಸಣ್ಣ ನಗು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕದ್ದು. ಆದರೆ ನಕ್ಕರು. ಆ ಎರಡು ವರ್ಷದಲ್ಲಿ ಅವನೆದುರು ಯಾರೂ ನಕ್ಕಿರಲಿಲ್ಲ.

ಅಷ್ಟರಲ್ಲಿ ಅವಳು ಮರದ ಮರೆಯಿಂದ ಈಚೆ ಬಂದಳು. ನಡೆದು ಬಂದು, ಅತಿಥಿಗಳ ಕಾಲು ತೊಳೆಯುವ ಬೋಗುಣಿಯ ಪಕ್ಕದಲ್ಲೇ, ಎಲ್ಲರಿಗೂ ಕಾಣುವ ಹಾಗೆ ನಿಂತಳು. ಮೇಲಿದ್ದ ಹೆಂಗಸು ಕನ್ನಡಕ ಸರಿಮಾಡಿಕೊಂಡು, ಅವರು ಯಾರು ಎಂದು ಕೇಳಿದರು.

"ನನ್ನ ಹೆಂಡತಿ," ಎಂದೆ. "ನೀವು ಬಂದ ದೋಣೀಲೇ ಅವಳು ಆಸ್ಪತ್ರೆಗೆ ಹೋಗ್ಬೇಕು. ಕುತ್ತಿಗೆಗೆ ನೀರು ತಾಗಿದ್ರೆ ಸಾಯ್ತಾಳೆ. ಈ ಕುರ್ಚಿ ಅವಳಿಗೆ ಕೊಡಲ್ಲ."

ಅವರು ಏನಾದರೂ ಹೇಳಲಿ ಎಂದು ನಾವು ಕಾಯಲಿಲ್ಲ. ದೊಡ್ಡಪ್ಪ, "ತಿರುಗಿಸ್ರೋ," ಎಂದ.

ನಾವು ತಿರುಗಿದೆವು. ದಡಕ್ಕೆ ಬೆನ್ನು ಹಾಕಿ ದೋಣಿಯ ಕಡೆಗೆ ನಡೆದೆವು. ಅವರನ್ನು ಒಂದು ಹನಿ ನೆನೆಯದ ಹಾಗೆ ತಂದಿದ್ದೆವು, ಒಂದು ಹನಿ ನೆನೆಯದ ಹಾಗೆ ವಾಪಸು ದೋಣಿಯಲ್ಲಿ ಕೂರಿಸಿದೆವು. ನಿಯಮ ಎಂದರೆ ನಿಯಮ. ಖಾಲಿ ಕುರ್ಚಿ ಹೊತ್ತು ದಡಕ್ಕೆ ಬಂದು, ಎಲೆಯ ಹಾರ ಕಿತ್ತು ಬಿಸಾಕಿದೆವು. ಅವಳನ್ನು ಕೂರಿಸಿದೆವು. ಒಣಬೂಟು ಕುರ್ಚಿಯ ತೋಳು ಹಿಡಿದುಕೊಂಡ, ಇದು ಕಂಪನಿಯ ಕುರ್ಚಿ ಎಂದ. ಅವನು ಹಿಡಿದುಕೊಂಡಿರುವಾಗಲೇ ನಾವು ನೀರಿಗಿಳಿದೆವು. ನೀರು ಪಾದಕ್ಕೆ ಬಂದದ್ದೇ ಕೈ ಬಿಟ್ಟ.

ಎದೆ ಎಂದು ಕೂಗುತ್ತಿದ್ದ ದೊಡ್ಡಪ್ಪನ ದನಿ ಆ ದಿನ ನನಗೆ ಮೊದಲ ಸಲ ಹಾಡಿನ ಹಾಗೆ ಕೇಳಿಸಿತು. ಗಳುವನ್ನು ಹೆಗಲಿಂದ ಮೇಲೆತ್ತಿ ತೋಳಿನಲ್ಲಿ ಹಿಡಿದಿದ್ದೆವು. ಅವಳು ಮೇಲಿಂದ ಬಗ್ಗಿ, "ರೀ, ನನ್ನ ಕಾಲು ನಿಮ್ಮ ಕಿವಿಗೆ ತಾಗ್ತಿದ್ಯಾ?" ಎಂದಳು. ತಾಗಿದರೆ ತಾಗಲಿ ಎಂದೆ.

ದೋಣಿಯಲ್ಲಿ ನಾನೂ ಹೋದೆ. ಆ ಹೆಂಗಸು ಎದುರಿಗೆ ಕೂತಿದ್ದರು. ಕಾಗದದ ಒಂದು ಸಾಲಿನ ಮೇಲೆ ಬೆರಳಿಟ್ಟರು. ಹೋದ ವರ್ಷ ಸ್ಥಳೀಯರಿಗೆ ಕೆಲಸ ಎನ್ನುವ ಸಾಲಿಗೆ ಹತ್ತಕ್ಕೆ ಹತ್ತು ಹಾಕಿದ್ದು ತಾನೇ ಎಂದು ಹೇಳಿದರು. ಆಮೇಲೆ, "ನನ್ನ ಕೈಲಿ ಏನೂ ಇಲ್ಲಮ್ಮ. ನಾನು ಬರೀ ಗುರುತು ಹಾಕೋಳು," ಎಂದರು.

"ಇವರೂ ಇವತ್ತು ಬೆಳಗ್ಗೆ ತನಕ ಬರೀ ಹೊರೋರೇ ಆಗಿದ್ರು," ಎಂದಳು ನನ್ನ ಹೆಂಡತಿ. ಅವರು ಸಮುದ್ರದ ಕಡೆ ತಿರುಗಿ ಕೂತರು. ಅವರು ಆಮೇಲೆ ಏನು ಬರೆದರೋ ನನಗೆ ಗೊತ್ತಿಲ್ಲ. ಅವರ ಕಾಗದವನ್ನು ನೆಚ್ಚಿಕೊಂಡು ನಾವು ಆ ಕೆಲಸ ಮಾಡಿರಲಿಲ್ಲ.

ನಾಲ್ಕು ಗಂಟೆ ಹಾಸಿಗೆಯಲ್ಲಿ ಮಲಗಿಸಿ ರಕ್ತ ತೊಳೆದರು. ನಾನು ಹೊರಗೆ ಬೆಂಚಿನ ಮೇಲೆ ಕೂತು, ಕೆಲಸ ಹೋಯಿತು, ಕುರ್ಚಿಯೂ ಹೋಯಿತು, ಮುಂದಿನ ವಾರ ಹೇಗೆ ಎಂದು ಯೋಚಿಸುತ್ತಿದ್ದೆ. ಬೆನ್ನು ಒಂದಿದೆ ಎಂದುಕೊಂಡೆ.

ವಾಪಸು ಬರುವಾಗ ಬಿಸಿಲು ಇನ್ನೂ ಇತ್ತು. ಇಳಿತದ ಹೊತ್ತು. ದೋಣಿಯವನು ಮೊದಲು ನೋಡಿದ. ನೋಡಿ ಎಂಜಿನ್ ನಿಲ್ಲಿಸಿದ. ಕೈ ತೋರಿಸಿದ.

ಸಮುದ್ರದಲ್ಲಿ ಮೇಜುಗಳು ನಿಂತಿದ್ದವು.

ದಡದಿಂದ ಶುರುವಾಗಿ ಒಂದರ ಬೆನ್ನಿಗೆ ಒಂದು, ಇಪ್ಪತ್ತೆರಡು ಮೇಜು. ಊಟದ ಮನೆಯಿಂದ ಹೊತ್ತು ತಂದಿದ್ದರು. ಅಡ್ಡಪಟ್ಟಿಗಳ ಮೇಲೆ ಮರಳು ತುಂಬಿದ ಚೀಲ. ನೀರು ಆಳವಾಗುವ ಕಡೆ ಬಡಗಿ ಕಾಲುಗಳಿಗೆ ಕಟ್ಟಿಗೆ ಸೇರಿಸಿ ಬಿಗಿದು ಎತ್ತರಿಸಿದ್ದ. ಕೊನೆಯ ಮೇಜಿಗೆ ಕಟ್ಟಿದ್ದು ನಮ್ಮ ಕುರ್ಚಿಯ ಗಳು, ನಾಲ್ಕು ತುಂಡು ಮಾಡಿ. ಎರಡು ಬದಿಯಲ್ಲೂ ಜನ ನೀರಲ್ಲಿ ನಿಂತು ಮೇಜಿನ ಕಾಲು ಹಿಡಿದುಕೊಂಡಿದ್ದರು. ಗುಡಿಸುವ ಹೆಂಗಸರು, ಅಡಿಗೆಯವರು, ಬಟ್ಟೆ ಒಗೆಯುವವರು. ಶಾಲೆಯ ಕೋಣೆಯಲ್ಲಿ ಕೈ ಎತ್ತಿದ ಅದೇ ಜನ. ಯಾರೂ ಫೋಟೊ ತೆಗೆಯುತ್ತಿರಲಿಲ್ಲ.

ದೋಣಿ ಕೊನೆಯ ಮೇಜಿಗೆ ತಾಗಿತು. ಬಡಗಿ ಎರಡು ಕೈಯಲ್ಲೂ ಅದನ್ನು ಅಲ್ಲಾಡಿಸಿ ತೋರಿಸಿದ. "ಬಾ ತಂಗಿ. ನಮ್ಮಪ್ಪನ ಆಣೆ, ಬೀಳಲ್ಲ," ಎಂದ.

ಅವಳು ಕೈಚೀಲದಿಂದ ಚಪ್ಪಲಿ ತೆಗೆದು ಹಾಕಿಕೊಂಡಳು. ಹತ್ತಿದಳು. ನಡೆದಳು. ದೊಡ್ಡಪ್ಪ ನೀರಲ್ಲೇ ಅವಳ ಪಕ್ಕಕ್ಕೆ ನಡೆಯುತ್ತಾ ಬಂದ. ಅಭ್ಯಾಸಬಲ, ಬಾಯಿ ಸುಮ್ಮನಿರಲಿಲ್ಲ. ಆದರೆ ಪಾದ, ಮೊಣಕಾಲು ಎಂದು ಹೇಳಲು ಅಲ್ಲಿ ಏನಿದೆ? ಹಲಗೆ ಎಂದ. ನೀರಲ್ಲಿ ನಿಂತವರು ಹಲಗೆ ಎಂದರು. ಹಲಗೆ. ಹಲಗೆ.

ಮೀನು ಕೊಯ್ದ ಗುರುತಿದ್ದ ಮೇಜು ದಡದ ಹತ್ತಿರ ಇತ್ತು. ಅದರ ಮೇಲೆ ಅವಳು ನಿಂತಳು. ದಡದಲ್ಲಿ ಒಣಬೂಟು ಫೋನು ಹಿಡಿದು ನಿಂತಿದ್ದ. ಆಚೆ ದಡದಿಂದ ಪೊಲೀಸರು ಬರುತ್ತಾರೆ, ಇವೆಲ್ಲ ಕಂಪನಿಯ ಮೇಜು ಎಂದ.

"ಬರಲಿ," ಎಂದಳು ಅವಳು. "ಅವರೂ ಇದರ ಮೇಲೇ ನಡ್ಕೊಂಡು ಬರಬೇಕು. ಅವರನ್ನ ಹೊರೋರು ಇಲ್ಲಿ ಯಾರೂ ಇಲ್ಲ."

ದಡದಂಚಿನ ಮೇಜಿನಿಂದ ಇಳಿಯುವಾಗ ನಾನು ಕೈ ಕೊಟ್ಟೆ. ಅವಳು ಹಿಡಿಯಲಿಲ್ಲ. ಬೇಕಾಗಿರಲಿಲ್ಲ.

"ಮಣ್ಣು," ಎಂದು ದೊಡ್ಡಪ್ಪ ಕೂಗಿದ.

ನೂರು ಜನ ತಿರುಗಿ ಹೇಳಿದರು.